ಗಣಕಯಂತ್ರದ ಹೆಸರೂ ತಿರುಳೂ: ಆಜ್ಞಾಪಂಕ್ತಿಯ ಸಾಕ್ಷ್ಯಗಳ ವಿವೇಚನೆ

೧

ಒಂದು ಗಣಕಯಂತ್ರದಲ್ಲಿ ನಡೆಯುತ್ತಿರುವ ಕಾರ್ಯಾಚರಣ ವ್ಯವಸ್ಥೆ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ತೀರ ಸುಲಭವಾದುದು. ಯಂತ್ರಕ್ಕೆ ಚಾಲನೆ ಕೊಟ್ಟೊಡನೆ ಪರದೆಯ ಮೇಲೆ ಒಂದು ಲಾಂಛನ ಮೂಡುತ್ತದೆ. ಅದರ ಬಳಿ ಒಂದು ಹೆಸರಿರುತ್ತದೆ. ಹೆಸರನ್ನು ಓದಿದರೆ ಉತ್ತರ ದೊರೆಯಿತೆಂದು ಭಾವಿಸುವುದು ಸಹಜ. ಆದರೆ ಲಾಂಛನವು ಒಂದು ಚಿತ್ರ ಮಾತ್ರ. ಗ್ರಂಥದ ರಕ್ಷಾಪತ್ರವನ್ನು ಬದಲಾಯಿಸಿದಷ್ಟೇ ಸುಲಭವಾಗಿ ಅದನ್ನೂ ಬದಲಾಯಿಸಬಹುದು. ಒಳಗಿರುವ ಪಠ್ಯ ಯಾವುದು, ಅದು ಎಷ್ಟನೆಯ ಪರಿಷ್ಕರಣ, ಅದನ್ನು ಸಿದ್ಧಪಡಿಸಿದವರು ಯಾರು, ಈ ಗಳಿಗೆಯಲ್ಲಿ ನಿಜವಾಗಿ ನಡೆಯುತ್ತಿರುವುದು ಅದೇ ಪರಿಷ್ಕರಣವೆ ಎಂಬ ಪ್ರಶ್ನೆಗಳಿಗೆ ರಕ್ಷಾಪತ್ರವು ಉತ್ತರ ಕೊಡಲಾರದು.

ಈ ವಿಚಾರ ಬರಿಯ ಕುತೂಹಲದ್ದಲ್ಲ. ವಿಂಡೋಸ್ ಎಕ್ಸ್‌ಪಿ ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಬೆಂಬಲವು ೨೦೧೪ರ ಏಪ್ರಿಲ್ ೮ರಂದು ನಿಂತಿತು. ಅಲ್ಲಿಂದಾಚೆಗೆ ಅದರಲ್ಲಿ ಕಂಡುಬರುವ ದೋಷಗಳನ್ನು ತಿದ್ದುವ ಹೊಣೆ ಯಾರದೂ ಅಲ್ಲ. ಹಾಗಿದ್ದರೂ ನಮ್ಮ ದೇಶದ ಅನೇಕ ಎ.ಟಿ.ಎಂ.ಗಳು ಅದರ ಮೇಲೆಯೇ ನಡೆಯುತ್ತಿದ್ದುವು. ೨೦೧೮ರ ಜೂನ್ ೨೧ರಂದು ಭಾರತೀಯ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು, ಬೆಂಬಲವುಳ್ಳ ಕಾರ್ಯಾಚರಣ ವ್ಯವಸ್ಥೆಗೆ ಎಲ್ಲ ಎ.ಟಿ.ಎಂ.ಗಳನ್ನೂ ಬದಲಾಯಿಸಲು ಗಡುವುಗಳನ್ನು ವಿಧಿಸಿತು: ಆ ವರ್ಷದ ಸೆಪ್ಟೆಂಬರಿನೊಳಗೆ ಶೇಕಡ ೨೫, ಡಿಸೆಂಬರಿನೊಳಗೆ ಶೇಕಡ ೫೦, ೨೦೧೯ರ ಮಾರ್ಚಿನೊಳಗೆ ಶೇಕಡ ೭೫, ಜೂನಿನೊಳಗೆ ಪೂರ್ತಿ. ಇಂತಹ ಆದೇಶವನ್ನು ಪಾಲಿಸಬೇಕಾದರೆ ಮೊದಲು ಆಗಬೇಕಾದ ಕೆಲಸ ಎಣಿಕೆ. ಯಾವ ಯಂತ್ರದಲ್ಲಿ ಯಾವುದು ನಡೆಯುತ್ತಿದೆಯೆಂದು ತಿಳಿಯದೆ ಕಾಲುಭಾಗವೆಂದಾಗಲಿ ಮುಕ್ಕಾಲುಭಾಗವೆಂದಾಗಲಿ ಹೇಳುವುದು ಎಂತು?

ಯಂತ್ರವನ್ನು ಕೇಳುವುದು ಕಷ್ಟವಲ್ಲ. ಒಂದೆರಡು ಪದಗಳನ್ನು ಬೆರಳಚ್ಚಿಸಿದರೆ ಸಾಕು. ಆ ಉತ್ತರವನ್ನು ಹೇಳುತ್ತಿರುವ ಸಾಕ್ಷಿ ಯಾರು, ಆ ಸಾಕ್ಷಿಗೆ ಎಷ್ಟು ತಿಳಿದಿದೆ ಎಂಬುದನ್ನು ಅರಿಯುವುದೇ ಮುಖ್ಯ. ಶಾಸನವನ್ನೂ ಓಲೆಗರಿಯನ್ನೂ ಓದಿ ಬಲ್ಲವರಿಗೆ ಈ ವಿವೇಚನೆ ಹೊಸದಲ್ಲ.

೨

ಕಾರ್ಯಾಚರಣ ವ್ಯವಸ್ಥೆಯ ನಡುವಿನಲ್ಲಿರುವ ಭಾಗಕ್ಕೆ ಕರ್ನಲ್ ಎಂದು ಹೆಸರು. ಕಾಳಿನೊಳಗಿನ ತಿರುಳು ಎಂಬುದು ಆ ಮಾತಿನ ಅರ್ಥ. ಕನ್ನಡ ಲಿಪಿಯಲ್ಲಿ ಬರೆದಾಗ ಇದು ಸೈನ್ಯದ ಕರ್ನಲ್ ಪದವಿಯಂತೆಯೇ ಕಾಣುವುದಾದರೂ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಪ್ರೊಸೆಸರಿನ ಕಾಲವನ್ನು ಬೇರೆ ಬೇರೆ ಕೆಲಸಗಳಿಗೆ ಹಂಚುವುದು, ಸ್ಮೃತಿಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕಾಲಿಡದಂತೆ ಕಾಯುವುದು, ಡಿಸ್ಕು ಕೀಲಿಮಣೆ ಜಾಲಸಂಪರ್ಕ ಮೊದಲಾದುವುಗಳೊಡನೆ ವ್ಯವಹರಿಸುವುದು ಇದರ ಕೆಲಸ. ಬಳಸುವವನ ಕಣ್ಣಿಗೆ ಇದು ಬೀಳುವುದಿಲ್ಲ. ಕಣ್ಣಿಗೆ ಬೀಳುವ ಕಿಟಕಿಗಳು, ಬರೆಯುವ ತಂತ್ರಾಂಶ, ಅಕ್ಷರರೂಪಗಳು ಇವೆಲ್ಲ ಕರ್ನಲಿನ ಹೊರಗಿನವು. ತಿರುಳೂ ಹೊರಗಣ ಈ ಪರಿವಾರವೂ ಕೂಡಿದಾಗಲೇ ಪೂರ್ಣವಾದ ಕಾರ್ಯಾಚರಣ ವ್ಯವಸ್ಥೆ.

ಲಿನಕ್ಸ್ ಎಂಬ ಹೆಸರು ನ್ಯಾಯವಾಗಿ ಸಲ್ಲುವುದು ಕರ್ನಲಿಗೆ. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಅದನ್ನು ೧೯೯೧ರಲ್ಲಿ ಹೊರತಂದನು. ಅದರ ಸುತ್ತಲಿನ ಉಪಕರಣಗಳಲ್ಲಿ ಬಹುಪಾಲು ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಘೋಷಿಸಿದ ಗ್ನು ಯೋಜನೆಯಿಂದ ಬಂದುವು. ಈ ಎಲ್ಲವನ್ನೂ ಒಟ್ಟುಗೂಡಿಸಿ, ಒಂದಕ್ಕೊಂದು ಹೊಂದುವಂತೆ ಮಾಡಿ, ಕಾಲಕಾಲಕ್ಕೆ ತಿದ್ದುಪಡಿಗಳನ್ನು ಒದಗಿಸುವವರು ಬೇರೆ. ಅವರು ಸಿದ್ಧಪಡಿಸಿದ ಕಟ್ಟಿಗೆ ವಿತರಣೆ ಎಂದು ಹೆಸರು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಅಂತಹ ವಿತರಣೆಗಳಲ್ಲಿ ಹಳೆಯದು, ಸಂತಾನ ಬಹುಳವಾದುದು.

ಆ ಸಂತಾನದಲ್ಲಿ ಒಂದು ಚೆನ್ನೈ ನಗರದ್ದು. ೨೦೦೫ರಲ್ಲಿ ಭಾರತ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯು ಮುಕ್ತ ತಂತ್ರಾಂಶಕ್ಕಾಗಿ ಒಂದು ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ಇಲ್ಲಿ ಸ್ಥಾಪಿಸಿತು. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಶಾಖೆ, ಅಣ್ಣಾ ವಿಶ್ವವಿದ್ಯಾನಿಲಯದ ಎಯು-ಕೆಬಿಸಿ ಸಂಶೋಧನ ಕೇಂದ್ರ ಇವೆರಡೂ ಅದರ ಹೊಣೆ ಹೊತ್ತುವು. ಈ ಯತ್ನದ ಫಲವಾಗಿ ೨೦೦೭ರ ಜನವರಿಯಲ್ಲಿ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್, ಸಂಕ್ಷೇಪವಾಗಿ ಬಾಸ್, ಹೊರಬಿದ್ದಿತು. ಅದರ ಆವೃತ್ತಿಗಳಿಗೆ ತರಂಗ್, ಅನಂತ್, ತೇಜಸ್, ಅನೋಖಾ, ದೃಷ್ಟಿ, ಉನ್ನತಿ ಎಂಬಂತಹ ಭಾರತೀಯ ಹೆಸರುಗಳಿವೆ. ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿ ಕೆಲಸಮಾಡುವ ಅನುಕೂಲ ಅದರಲ್ಲುಂಟು. ೨೦೧೧ರಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪುಗಳನ್ನು ಹಂಚತೊಡಗಿದಾಗ ಒಂದೇ ಯಂತ್ರದಲ್ಲಿ ವಿಂಡೋಸಿನ ಜೊತೆಗೆ ಬಾಸ್ ವ್ಯವಸ್ಥೆಯನ್ನೂ ಅಳವಡಿಸುವ ಪದ್ಧತಿ ಬಂದಿತು.

ಈಗ ಬಾಸ್ ನಡೆಯುತ್ತಿರುವ ಒಂದು ಯಂತ್ರದ ಮುಂದೆ ನಿಂತು ‘ಇದು ಯಾವುದು?’ ಎಂದು ಕೇಳಿದರೆ ಮೂರು ಉತ್ತರಗಳು ಬರುತ್ತವೆ. ವಿತರಣೆಯ ಹೆಸರಿನಿಂದ ಇದು ಬಾಸ್, ವಂಶದಿಂದ ಡೆಬಿಯನ್, ತಿರುಳಿನಿಂದ ಲಿನಕ್ಸ್. ಮೂರೂ ನಿಜವೇ. ಕೇಳುವವನ ಉದ್ದೇಶವನ್ನು ನೋಡಿ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

೩

ಪರದೆಯ ಚಿತ್ರಗಳನ್ನು ಬಿಟ್ಟು, ಯಂತ್ರಕ್ಕೆ ಅಕ್ಷರಗಳಲ್ಲಿ ಅಪ್ಪಣೆಕೊಟ್ಟು ಅಕ್ಷರಗಳಲ್ಲಿಯೇ ಉತ್ತರ ಪಡೆಯುವ ಪದ್ಧತಿಗೆ ಆಜ್ಞಾಪಂಕ್ತಿ ಎನ್ನಬಹುದು. ಇಲ್ಲಿ ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಯಂತ್ರದಲ್ಲಿ ಅವನ್ನು ರೋಮನ್ ಸಣ್ಣಕ್ಷರಗಳಲ್ಲಿಯೇ ಬೆರಳಚ್ಚಿಸಬೇಕು. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವು ಅರ್ಥಭೇದವನ್ನು ಉಂಟುಮಾಡುತ್ತದೆ.

ಮೊದಲನೆಯ ಆಜ್ಞೆ ‘ಯುನೇಮ್’: ಯು, ಎನ್, ಎ, ಎಂ, ಇ ಎಂಬ ಐದು ಅಕ್ಷರಗಳು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯುನಿಕ್ಸ್ ಪರಂಪರೆಯಿಂದ ಬಂದುದರಿಂದ ಈ ಹೆಸರು. ಬರಿಯ ‘ಯುನೇಮ್’ ಎಂದರೆ ಕರ್ನಲಿನ ಹೆಸರು ಮಾತ್ರ ಬರುತ್ತದೆ: ಲಿನಕ್ಸ್ ಆದರೆ ‘ಲಿನಕ್ಸ್’ ಎಂದು, ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರವಾದರೆ ‘ಡಾರ್ವಿನ್’ ಎಂದು. ಆಜ್ಞೆಯ ಮುಂದೆ ಒಂದು ಅಡ್ಡಗೆರೆಯನ್ನೂ ಒಂದು ಅಕ್ಷರವನ್ನೂ ಸೇರಿಸಿದರೆ ಬೇರೆ ಬೇರೆ ಸಂಗತಿಗಳು ತಿಳಿಯುತ್ತವೆ. ‘-ಎನ್’ ಎಂದರೆ ಜಾಲದಲ್ಲಿ ಆ ಯಂತ್ರಕ್ಕಿರುವ ಹೆಸರು. ‘-ಆರ್’ ಎಂದರೆ ಕರ್ನಲಿನ ಬಿಡುಗಡೆಯ ಸಂಖ್ಯೆ. ‘-ವಿ’ ಎಂದರೆ ಆ ಕರ್ನಲನ್ನು ಕಟ್ಟಿದ ವಿವರ. ‘-ಎಂ’ ಎಂದರೆ ಯಂತ್ರಾಂಶದ ಜಾತಿ. ‘-ಎ’ ಎಂದರೆ ಇವೆಲ್ಲವೂ ಒಂದೇ ಸಾಲಿನಲ್ಲಿ.

ಈ ಆಜ್ಞೆಯು ಡಿಸ್ಕಿನಲ್ಲಿರುವ ಯಾವ ಕಡತವನ್ನೂ ಓದಿ ಹೇಳುವುದಿಲ್ಲ. ಅದು ನೇರವಾಗಿ ನಡೆಯುತ್ತಿರುವ ಕರ್ನಲನ್ನೇ ಕೇಳುತ್ತದೆ. ಕರ್ನಲು ತನ್ನ ಸ್ಮೃತಿಯಲ್ಲಿರುವ ಕೆಲವು ಚಿಕ್ಕ ಮನೆಗಳಿಂದ ಉತ್ತರವನ್ನು ತೆಗೆದುಕೊಡುತ್ತದೆ. ಒಂದೊಂದು ಮನೆಯಲ್ಲಿ ೬೪ ಅಕ್ಷರಗಳವರೆಗೆ ಜಾಗವುಂಟು. ಯಂತ್ರದ ಜಾಲನಾಮವನ್ನು ಆಡಳಿತಗಾರನು ಇಟ್ಟಿರುತ್ತಾನೆ. ಉಳಿದುವನ್ನು ಕರ್ನಲನ್ನು ಕಟ್ಟುವಾಗಲೇ ಅದರೊಳಗೆ ಸೇರಿಸಿರುತ್ತಾರೆ. ಆದುದರಿಂದ ‘ಈಗ ನಡೆಯುತ್ತಿರುವ ತಿರುಳು ಯಾವುದು?’ ಎಂಬ ಪ್ರಶ್ನೆಗೆ ಯುನೇಮ್ ಪ್ರತ್ಯಕ್ಷಸಾಕ್ಷಿ. ‘ಇದು ಯಾವ ವಿತರಣೆ?’ ಎಂಬ ಪ್ರಶ್ನೆಯನ್ನು ಅದಕ್ಕೆ ಹಾಕುವುದು ಸರಿಯಲ್ಲ. ಕಟ್ಟಿದವರ ಹೆಸರು ‘-ವಿ’ ಉತ್ತರದಲ್ಲಿ ಕೆಲವೊಮ್ಮೆ ತೋರಿದರೂ ಅದು ಕರ್ನಲನ್ನು ಕಟ್ಟಿದವರ ಹೆಸರು. ಇಡೀ ವ್ಯವಸ್ಥೆಯ ಹೆಸರಲ್ಲ.

೪

ವಿತರಣೆಯ ಹೆಸರು ದೊರೆಯುವ ಸ್ಥಳ ಬೇರೆ. ‘ಇಟಿಸಿ’ ಎಂಬ ಕೋಶದಲ್ಲಿ ‘ಓಎಸ್-ರಿಲೀಸ್’ ಎಂಬ ಒಂದು ಸಣ್ಣ ಕಡತವಿರುತ್ತದೆ. ಅದನ್ನು ‘ಕ್ಯಾಟ್’ ಎಂಬ ಆಜ್ಞೆಯಿಂದ ತೆರೆದು ಓದಬಹುದು. ವಿತರಣೆಯ ಪೂರ್ಣನಾಮ, ಆವೃತ್ತಿ, ಸಂಕೇತನಾಮ, ಗುರುತಿನ ಚಿಕ್ಕ ಹೆಸರು ಇವು ಒಂದೊಂದು ಸಾಲಿನಲ್ಲಿ ಬರೆದಿರುತ್ತವೆ. ಇವುಗಳ ಜೊತೆಗೆ ‘ಐಡಿ-ಲೈಕ್’ ಎಂಬ ಸಾಲೊಂದು ಇರುವುದುಂಟು. ಅದು ವಂಶವನ್ನು ಹೇಳುತ್ತದೆ. ಉಬುಂಟು ಎಂಬ ವಿತರಣೆಯ ಕಡತದಲ್ಲಿ ಗುರುತಿನ ಹೆಸರು ಉಬುಂಟು ಎಂದೂ, ಐಡಿ-ಲೈಕ್ ಸಾಲಿನಲ್ಲಿ ಡೆಬಿಯನ್ ಎಂದೂ ಇರುವುದು ಇದಕ್ಕೆ ನಿದರ್ಶನ.

ಈ ಏಕರೂಪದ ಕಡತ ಬಳಕೆಗೆ ಬಂದುದು ೨೦೧೨ರಿಂದ ಈಚೆಗೆ. ಅದಕ್ಕೆ ಹಿಂದೆ ಒಂದೊಂದು ಮನೆತನಕ್ಕೂ ಒಂದೊಂದು ಪದ್ಧತಿ: ಡೆಬಿಯನ್ ಬಳಗದಲ್ಲಿ ‘ಡೆಬಿಯನ್-ವರ್ಶನ್’ ಎಂಬ ಕಡತ, ರೆಡ್‌ಹ್ಯಾಟ್ ಬಳಗದಲ್ಲಿ ‘ರೆಡ್‌ಹ್ಯಾಟ್-ರಿಲೀಸ್’ ಎಂಬ ಕಡತ. ಹಳೆಯ ಸಾಕ್ಷಿಗಳು ಈಗಲೂ ಅಲ್ಲಲ್ಲಿ ಉಳಿದಿವೆ. ಉಬುಂಟುವಿನಲ್ಲಿ ಡೆಬಿಯನ್-ವರ್ಶನ್ ಕಡತವನ್ನು ತೆರೆದರೆ ಉಬುಂಟುವಿನ ಸಂಖ್ಯೆ ಇರುವುದಿಲ್ಲ. ಅದು ಡೆಬಿಯನ್ನಿನ ಯಾವ ಘಟ್ಟದಿಂದ ಕವಲೊಡೆಯಿತೋ ಆ ಘಟ್ಟದ ಹೆಸರಿರುತ್ತದೆ. ಒಂದು ಹಸ್ತಪ್ರತಿಯ ಪಾಠದೋಷಗಳಿಂದ ಅದರ ಮಾತೃಕೆಯನ್ನು ಊಹಿಸುವ ಗ್ರಂಥಸಂಪಾದಕನಿಗೆ ಇಂತಹ ಉಳಿಕೆ ಬಹಳ ಪ್ರಿಯವಾದುದು. ಆದರೆ ಬೆಂಬಲದ ಅವಧಿಯನ್ನು ನಿಶ್ಚಯಿಸಬೇಕಾದವನು ಇದನ್ನು ನೋಡಿ ಮೋಸಹೋಗಬಾರದು.

ಓಎಸ್-ರಿಲೀಸ್ ಬರಿಯ ಪಠ್ಯದ ಕಡತವೆಂಬುದನ್ನೂ ನೆನಪಿಡತಕ್ಕದ್ದು. ಆಡಳಿತಾಧಿಕಾರವುಳ್ಳ ಯಾರು ಬೇಕಾದರೂ ಅದನ್ನು ತಿದ್ದಬಹುದು. ಅದು ಹೇಳುವುದು ವಿತರಕನ ಹೇಳಿಕೆಯನ್ನು. ಯಂತ್ರದ ವರ್ತಮಾನ ಸ್ಥಿತಿಯನ್ನಲ್ಲ.

೫

ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ತನ್ನ ಹೆಸರು, ಸಂವತ್ಸರ, ಮಾಸ, ತಿಥಿಗಳನ್ನು ಬರೆದಿಡುವ ರೂಢಿ ಉಂಟು. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಕನ್ನಡ ಪ್ರತಿಗಳನ್ನು ನೋಡಿದವರಿಗೆ ಈ ಲಿಪಿಕಾರವಾಕ್ಯಗಳು ಪರಿಚಿತವೇ. ಕರ್ನಲಿಗೂ ಇಂತಹ ವಾಕ್ಯವೊಂದಿದೆ. ‘ಪ್ರಾಕ್’ ಎಂಬ ಕೋಶದಲ್ಲಿರುವ ‘ವರ್ಶನ್’ ಎಂಬ ಕಡತವನ್ನು ತೆರೆದರೆ ಅದು ಕಾಣುತ್ತದೆ. ಇದು ಡಿಸ್ಕಿನ ಮೇಲೆ ಇರುವ ಕಡತವಲ್ಲ. ಓದಲು ಹೋದಾಗ ಕರ್ನಲೇ ಅದನ್ನು ಸೃಷ್ಟಿಸಿಕೊಡುತ್ತದೆ. ಕಟ್ಟಿದವರ ವಿಳಾಸ, ಕಟ್ಟಲು ಬಳಸಿದ ಕಂಪೈಲರಿನ ಹೆಸರು ಮತ್ತು ಸಂಖ್ಯೆ, ಎಷ್ಟನೆಯ ಸಲದ ಕಟ್ಟಣೆ, ದಿನಾಂಕ ಇವು ಅದರಲ್ಲಿರುತ್ತವೆ.

ಡೆಬಿಯನ್ ೧೨ನೆಯ ಆವೃತ್ತಿಯ ಒಂದು ಕರ್ನಲನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ‘ಯುನೇಮ್ -ಆರ್’ ಎಂದಾಗ ಅದು ಕೊಡುವ ಉತ್ತರ ‘೬.೧.೦-೧೮-ಎಎಂಡಿ೬೪’. ಇದನ್ನು ಕಂಡವನು ೬.೧ ಶ್ರೇಣಿಯ ಮೊತ್ತಮೊದಲ ಕರ್ನಲೇ ಇದು, ಆಮೇಲಣ ತಿದ್ದುಪಡಿಗಳಾವುವೂ ಇದರಲ್ಲಿ ಇಲ್ಲ ಎಂದು ತೀರ್ಮಾನಿಸುವ ಸಂಭವವುಂಟು. ಅದು ತಪ್ಪು. ‘ಯುನೇಮ್ -ವಿ’ ಎಂದು ಕೇಳಿದರೆ ಉತ್ತರದ ಕೊನೆಗೆ ‘ಡೆಬಿಯನ್ ೬.೧.೭೬-೧’ ಎಂದೂ, ೨೦೨೪ರ ಫೆಬ್ರವರಿ ೧ ಎಂಬ ದಿನಾಂಕವೂ ಇರುತ್ತದೆ. ಅಂದರೆ ಮೂಲ ಶ್ರೇಣಿಯ ೭೬ನೆಯ ತಿದ್ದುಪಡಿಯವರೆಗಿನ ಎಲ್ಲವೂ ಇದರಲ್ಲಿ ಸೇರಿದೆ. ಮೊದಲ ಉತ್ತರದಲ್ಲಿದ್ದ ಸೊನ್ನೆಯು ಒಂದು ಸ್ಥಾನಪೂರಕ. ೧೮ ಎಂಬುದು ಕರ್ನಲಿನೊಡನೆ ಹೊಂದಿಕೊಳ್ಳಬೇಕಾದ ಉಪಾಂಗಗಳ ಅನುಕೂಲಕ್ಕಾಗಿ ಡೆಬಿಯನ್ನಿನವರು ಕೊಟ್ಟ ಕ್ರಮಾಂಕ. ‘ಎಎಂಡಿ೬೪’ ಎಂದಿರುವುದರಿಂದ ಯಂತ್ರದಲ್ಲಿರುವುದು ಎಎಂಡಿ ಸಂಸ್ಥೆಯ ಪ್ರೊಸೆಸರೇ ಎಂದೂ ತಿಳಿಯಬೇಕಾಗಿಲ್ಲ. ಆ ಸಂಸ್ಥೆ ಮೊದಲು ರೂಪಿಸಿದ ೬೪ ಬಿಟ್ಟಿನ ಪದ್ಧತಿಗೆ ಡೆಬಿಯನ್ನಿನವರು ಇಟ್ಟ ಹೆಸರು ಅದು. ಇಂಟೆಲ್ ಪ್ರೊಸೆಸರುಗಳಿಗೂ ಅದೇ ಸಲ್ಲುತ್ತದೆ.

ದಿನಾಂಕದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಡೆಬಿಯನ್ನಿನಲ್ಲಿ ಇದು ಕಂಪೈಲರು ಓಡಿದ ಗಳಿಗೆಯಲ್ಲ. ಆ ಪರಿಷ್ಕರಣದ ದಾಖಲೆಯಲ್ಲಿ ಬರೆದಿರುವ ದಿನ. ಯಾರು, ಎಲ್ಲಿ, ಯಾವಾಗ ಕಟ್ಟಿದರೂ ಫಲ ಅಕ್ಷರಶಃ ಒಂದೇ ಆಗಬೇಕೆಂಬ ಉದ್ದೇಶದಿಂದ ಹಾಗೆ ಮಾಡಿದ್ದಾರೆ. ಹಸ್ತಪ್ರತಿಯಲ್ಲಿ ಗ್ರಂಥ ರಚನೆಯ ಕಾಲ ಬೇರೆ, ಪ್ರತಿ ಮಾಡಿದ ಕಾಲ ಬೇರೆ ಎಂಬ ಭೇದ ಇಲ್ಲಿಯೂ ಸಲ್ಲುತ್ತದೆ.

೬

ಸಂಖ್ಯೆಗಳನ್ನು ಓದುವ ಕ್ರಮ ತಪ್ಪಿದರೆ ಆಗುವ ಹಾನಿಯನ್ನು ಒಂದು ನಿಜವಾದ ಪ್ರಸಂಗದಿಂದ ತೋರಿಸಬಹುದು. ೨೦೨೨ರ ಮಾರ್ಚಿಯಲ್ಲಿ ಮ್ಯಾಕ್ಸ್ ಕೆಲ್ಲರ್ಮನ್ ಎಂಬಾತನು ಲಿನಕ್ಸ್ ಕರ್ನಲಿನ ಒಂದು ಗಂಭೀರ ದೋಷವನ್ನು ಪ್ರಕಟಪಡಿಸಿದನು. ‘ಡರ್ಟಿ ಪೈಪ್’ ಎಂದು ಅದಕ್ಕೆ ಹೆಸರಾಯಿತು. ಯಂತ್ರದಲ್ಲಿ ಸಾಮಾನ್ಯ ಪ್ರವೇಶ ಮಾತ್ರ ಇರುವವನು, ಓದುವುದಕ್ಕೆ ಮಾತ್ರ ಅನುಮತಿಯಿರುವ ಕಡತಗಳ ಒಳಗಣ ವಿಷಯವನ್ನು ಬದಲಾಯಿಸಿ, ಆ ಮೂಲಕ ಆಡಳಿತಾಧಿಕಾರವನ್ನೇ ಪಡೆಯುವುದಕ್ಕೆ ಅದು ಎಡೆಗೊಡುತ್ತಿತ್ತು. ದೋಷವು ಕರ್ನಲಿನ ೫.೮ನೆಯ ಆವೃತ್ತಿಯಿಂದ ಮೊದಲಾಗಿತ್ತು; ಮೂಲ ಶ್ರೇಣಿಗಳಲ್ಲಿ ೫.೧೬.೧೧, ೫.೧೫.೨೫, ೫.೧೦.೧೦೨ ಎಂಬ ಬಿಡುಗಡೆಗಳಲ್ಲಿ ಅದನ್ನು ತಿದ್ದಿದರು.

ಈ ಸಂಖ್ಯೆಗಳನ್ನು ಹಿಡಿದುಕೊಂಡು ಒಬ್ಬ ಲೆಕ್ಕಪರಿಶೋಧಕನು ಡೆಬಿಯನ್ ೧೧ ನಡೆಯುತ್ತಿದ್ದ ಯಂತ್ರವನ್ನು ಪರೀಕ್ಷಿಸಲು ಹೋದನೆಂದು ಭಾವಿಸೋಣ. ಡೆಬಿಯನ್ನಿನವರು ಆ ದೋಷವನ್ನು ತಿದ್ದಿ ಹೊರಡಿಸಿದ ಕಟ್ಟಿನ ಸಂಖ್ಯೆ ೫.೧೦.೯೨-೨. ೯೨ ಎಂಬುದು ೧೦೨ಕ್ಕಿಂತ ಕಡಿಮೆ. ಆದುದರಿಂದ ಯಂತ್ರ ಅಪಾಯದಲ್ಲಿದೆ ಎಂದು ಪರಿಶೋಧಕನು ಬರೆದರೆ ಅದು ಸುಳ್ಳಾಗುತ್ತದೆ. ವಿತರಕರು ೯೨ನೆಯ ಬಿಡುಗಡೆಯನ್ನು ಹಾಗೆಯೇ ಉಳಿಸಿಕೊಂಡು, ಬೇಕಾದ ತೇಪೆಯನ್ನು ಮಾತ್ರ ಅದಕ್ಕೆ ಹಚ್ಚಿದ್ದರು. ಕೊನೆಯ ‘-೨’ ಎಂಬುದೇ ಆ ತೇಪೆಯ ಗುರುತು. ವಿಪರ್ಯಯವಾಗಿ, ಡೆಬಿಯನ್ ೧೦ರ ೪.೧೯ನೆಯ ಕರ್ನಲು ಇನ್ನೂ ಹಳೆಯದಾಗಿದ್ದರೂ ಈ ಒಂದು ದೋಷದಿಂದ ದೂರವಾಗಿತ್ತು. ಏಕೆಂದರೆ ದೋಷ ಹುಟ್ಟಿದ್ದೇ ಅದಕ್ಕಿಂತ ಈಚೆಗೆ. ರೆಡ್‌ಹ್ಯಾಟ್ ಸಂಸ್ಥೆಯ ೭ನೆಯ ಆವೃತ್ತಿಯು ೨೦೧೪ರಿಂದ ೨೦೨೪ರವರೆಗೆ ಹತ್ತು ವರ್ಷವೂ ೩.೧೦.೦ ಎಂಬ ಹೆಸರಿನ ಕರ್ನಲನ್ನೇ ಇಟ್ಟುಕೊಂಡು ತೇಪೆಗಳನ್ನು ಹಚ್ಚುತ್ತ ಬಂದಿತು.

ಇದರಿಂದ ವೇದ್ಯವಾಗುವುದು ಇಷ್ಟು: ಹಳೆಯದೆಲ್ಲ ಅಪಾಯಕಾರಿಯಲ್ಲ, ಹೊಸದೆಲ್ಲ ಸುರಕ್ಷಿತವೂ ಅಲ್ಲ. ಕರ್ನಲಿನ ಸಂಖ್ಯೆಯನ್ನು ಅದನ್ನು ಕಟ್ಟಿಕೊಟ್ಟ ವಿತರಕರ ಪ್ರಕಟನೆಯೊಡನೆ ಹೋಲಿಸಬೇಕು. ಬೇರೆ ಮನೆಯವರ ಪಂಚಾಂಗದಿಂದ ಈ ಮನೆಯ ತಿಥಿಯನ್ನು ನಿರ್ಣಯಿಸಬಾರದು. ಈ ಕಾರಣದಿಂದಲೇ ತಿರುಳಿನ ಸಂಖ್ಯೆಯೊಂದೇ ಸಾಲದು, ವಿತರಣೆಯ ಹೆಸರೂ ಬೇಕು.

೭

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವ ಸಂಗತಿಯೊಂದುಂಟು: ಯಂತ್ರದಲ್ಲಿ ಸ್ಥಾಪಿತವಾದ ಕರ್ನಲು ಬೇರೆ, ನಡೆಯುತ್ತಿರುವ ಕರ್ನಲು ಬೇರೆ. ಹೊಸ ಪರಿಷ್ಕರಣ ಬಂದಾಗ ಅದನ್ನು ಡಿಸ್ಕಿನ ಮೇಲೆ ಇಳಿಸಿಡುತ್ತಾರೆ. ಆದರೆ ಸ್ಮೃತಿಯಲ್ಲಿ ನೆಲೆನಿಂತು ಕೆಲಸ ಮಾಡುತ್ತಿರುವುದು ಹಳೆಯದೇ. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲನೆ ಕೊಡುವವರೆಗೆ ಹೊಸದು ಅಧಿಕಾರಕ್ಕೆ ಬರುವುದಿಲ್ಲ. ಸೇವೆ ನಿಲ್ಲಬಾರದೆಂಬ ಕಾರಣದಿಂದ ತಿಂಗಳುಗಟ್ಟಲೆ ನಿಲ್ಲಿಸದೆ ನಡೆಸುವ ಯಂತ್ರಗಳಲ್ಲಿ ಈ ಅಂತರ ಬಹಳ ದೊಡ್ಡದಾಗಬಹುದು. ದಾಖಲೆಯಲ್ಲಿ ‘ಪರಿಷ್ಕರಿಸಲಾಗಿದೆ’ ಎಂದಿರುತ್ತದೆ. ದೋಷವು ಮಾತ್ರ ಮೊದಲಿನಂತೆಯೇ ಜೀವಂತವಾಗಿರುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ಎರಡು ಸಾಕ್ಷಿಗಳನ್ನು ಎದುರುಬದುರಾಗಿ ನಿಲ್ಲಿಸಬೇಕು. ಡೆಬಿಯನ್ ಬಳಗದಲ್ಲಿ ‘ಡಿಪಿಕೆಜಿ -ಎಲ್’ ಎಂಬ ಆಜ್ಞೆಯೂ ರೆಡ್‌ಹ್ಯಾಟ್ ಬಳಗದಲ್ಲಿ ‘ಆರ್‌ಪಿಎಂ -ಕ್ಯೂ ಕರ್ನಲ್’ ಎಂಬ ಆಜ್ಞೆಯೂ ಸ್ಥಾಪಿತವಾದ ಕರ್ನಲುಗಳ ಪಟ್ಟಿಯನ್ನು ಕೊಡುತ್ತವೆ. ಯುನೇಮ್ ನಡೆಯುತ್ತಿರುವುದನ್ನು ಹೇಳುತ್ತದೆ. ಎರಡೂ ಹೊಂದಿದರೆ ಸರಿ; ಹೊಂದದಿದ್ದರೆ ಯಂತ್ರವು ಪುನಶ್ಚಾಲನೆಗಾಗಿ ಕಾಯುತ್ತಿದೆಯೆಂದೇ ಅರ್ಥ. ‘ಅಪ್‌ಟೈಮ್ -ಎಸ್’ ಎಂಬ ಆಜ್ಞೆಯು ಯಂತ್ರ ಯಾವ ದಿನ ಯಾವ ಹೊತ್ತಿಗೆ ಚಾಲೂ ಆಯಿತೆಂದು ತಿಳಿಸುತ್ತದೆ. ಆ ದಿನವು ಪರಿಷ್ಕರಣದ ದಿನಕ್ಕಿಂತ ಹಿಂದಿನದಾದರೆ ಹೆಚ್ಚಿನ ತರ್ಕ ಬೇಕಾಗಿಲ್ಲ. ನಡೆಯುತ್ತಿರುವ ಕರ್ನಲಿಗೇ ತೇಪೆ ಹಚ್ಚುವ ಸೌಕರ್ಯವು ೨೦೧೫ರಲ್ಲಿ ಬಂದ ೪.೦ನೆಯ ಆವೃತ್ತಿಯಿಂದ ಲಿನಕ್ಸಿನಲ್ಲಿದೆ. ಹಾಗೆ ಹಚ್ಚಿದಾಗ ಯುನೇಮಿನ ಸಂಖ್ಯೆ ಬದಲಾಗುವುದಿಲ್ಲವಾದುದರಿಂದ ಅಂತಹ ಯಂತ್ರಗಳಲ್ಲಿ ತೇಪೆಗಳ ಪಟ್ಟಿಯನ್ನು ಬೇರೆಯಾಗಿ ಕೇಳಬೇಕಾಗುತ್ತದೆ.

೮

ಸಾಕ್ಷಿಗಳು ಒಂದಕ್ಕೊಂದು ವಿರುದ್ಧವಾಗಿ ತೋರುವ ಸಂದರ್ಭಗಳೂ ಇವೆ. ೨೦೧೩ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶದಿಂದ ಕಂಟೈನರ್ ಪದ್ಧತಿ ಬಹಳ ಪ್ರಚಾರಕ್ಕೆ ಬಂದಿತು. ಒಂದು ದೊಡ್ಡ ಮನೆಯಲ್ಲಿ ಅನೇಕ ಒಕ್ಕಲುಗಳು ಬೇರೆ ಬೇರೆ ಕೋಣೆಗಳಲ್ಲಿದ್ದು ಒಂದೇ ಬಾವಿಯ ನೀರನ್ನು ಬಳಸುವಂತೆ, ಹಲವು ಕಂಟೈನರುಗಳು ಒಂದೇ ಕರ್ನಲನ್ನು ಹಂಚಿಕೊಳ್ಳುತ್ತವೆ. ಕೋಣೆಯೊಳಗೆ ನಿಂತು ಓಎಸ್-ರಿಲೀಸ್ ಕಡತವನ್ನು ಓದಿದರೆ ಆ ಕೋಣೆಯ ವಿತರಣೆಯ ಹೆಸರು ಬರುತ್ತದೆ. ಯುನೇಮ್ ಎಂದರೆ ಮನೆಯ ಕರ್ನಲಿನ ಸಂಖ್ಯೆ ಬರುತ್ತದೆ. ಎರಡೂ ಸತ್ಯ. ಆದರೆ ಅವು ಎರಡು ಬೇರೆ ವಸ್ತುಗಳ ಮಾತು. ಕೋಣೆಯೊಳಗಿನ ಕಡತಗಳನ್ನು ಎಷ್ಟು ಪರಿಷ್ಕರಿಸಿದರೂ ಬಾವಿಯ ನೀರು ತಿಳಿಯಾಗುವುದಿಲ್ಲ.

ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಮರೆಸುವುದೂ ಉಂಟು. ೨೦೦೩ರಿಂದ ೨೦೧೧ರವರೆಗೆ ಲಿನಕ್ಸ್ ಕರ್ನಲಿನ ಸಂಖ್ಯೆ ೨.೬ ಎಂದೇ ಆರಂಭವಾಗುತ್ತಿತ್ತು. ೨೦೧೧ರ ಜುಲೈಯಲ್ಲಿ ಟೋರ್ವಾಲ್ಡ್ಸ್ ಅದನ್ನು ೩.೦ ಎಂದು ಬದಲಾಯಿಸಿದನು. ಒಳಗೆ ವಿಶೇಷವಾದ ಮಾರ್ಪಾಟೇನೂ ಇರಲಿಲ್ಲ. ಸಂಖ್ಯೆಗಳು ತೀರ ಬೆಳೆದುವೆಂಬುದೇ ಮುಖ್ಯ ಕಾರಣ. ಆದರೆ ೨.೬ ಎಂಬುದನ್ನೇ ನಿರೀಕ್ಷಿಸುತ್ತಿದ್ದ ಹಳೆಯ ತಂತ್ರಾಂಶಗಳು ಕೆಲವು ಕೆಟ್ಟು ನಿಂತುವು. ಅವುಗಳಿಗಾಗಿ, ಕೇಳಿದರೆ ೩.೧ ಎಂಬ ಕರ್ನಲು ತನ್ನನ್ನು ೨.೬.೪೧ ಎಂದು ಹೇಳಿಕೊಳ್ಳುವ ಒಂದು ಏರ್ಪಾಡನ್ನು ಮಾಡಿದರು. ವಿಂಡೋಸಿನಲ್ಲಿಯೂ ಇಂತಹದೇ ಕತೆ. ಅಲ್ಲಿ ‘ವರ್’ ಎಂಬ ಆಜ್ಞೆ ಕೊಟ್ಟರೆ ಆವೃತ್ತಿಯ ಸಂಖ್ಯೆ ಬರುತ್ತದೆ. ವಿಂಡೋಸ್ ೭ರ ಒಳಗಣ ಸಂಖ್ಯೆ ೬.೧. ೨೦೨೧ರಲ್ಲಿ ಬಂದ ವಿಂಡೋಸ್ ೧೧ರ ಸಂಖ್ಯೆಯು ಈಗಲೂ ೧೦.೦ ಎಂದೇ ಆರಂಭವಾಗುತ್ತದೆ. ಆಮೇಲೆ ಬರುವ ಕಟ್ಟಣೆಯ ಸಂಖ್ಯೆ ೨೨೦೦೦ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಮಾತ್ರ ಅದು ೧೧ ಎಂದು ತಿಳಿಯಬೇಕು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ ಈ ಭೇದ ಈಗ ಅತ್ಯಂತ ಪ್ರಯೋಜನಕಾರಿ. ಮೊದಲ ಎರಡು ಅಂಕಿಗಳನ್ನು ಮಾತ್ರ ನೋಡಿ ಎಣಿಸಿದವನ ಪಟ್ಟಿಯಲ್ಲಿ ಬೆಂಬಲವುಳ್ಳ ಯಂತ್ರವೂ ಇಲ್ಲದ ಯಂತ್ರವೂ ಒಂದೇ ಸಾಲಿನಲ್ಲಿ ಕುಳಿತಿರುತ್ತವೆ.

೯

ಉಳಿದುದು ಯಂತ್ರಾಂಶದ ಜಾತಿ. ‘ಯುನೇಮ್ -ಎಂ’ ಎಂಬುದಕ್ಕೆ ಸಾಮಾನ್ಯ ಮೇಜುಗಣಕಗಳಲ್ಲಿ ‘ಎಕ್ಸ್೮೬_೬೪’ ಎಂದು ಉತ್ತರ ಬರುತ್ತದೆ. ಆರ್ಮ್ ಜಾತಿಯ ೬೪ ಬಿಟ್ಟಿನ ಯಂತ್ರಗಳಲ್ಲಿ ‘ಎಆರ್ಕ್೬೪’ ಎಂದು. ಇದೂ ಕರ್ನಲಿನ ದೃಷ್ಟಿಯ ಉತ್ತರವೇ. ೬೪ ಬಿಟ್ಟಿನ ಪ್ರೊಸೆಸರಿನ ಮೇಲೆ ೩೨ ಬಿಟ್ಟಿನ ಕರ್ನಲನ್ನು ನಡೆಸಿದರೆ ಯುನೇಮ್ ‘ಐ೬೮೬’ ಎನ್ನುತ್ತದೆ. ಪ್ರೊಸೆಸರಿನ ನಿಜವಾದ ಸಾಮರ್ಥ್ಯವನ್ನು ತಿಳಿಯಬೇಕಾದರೆ ‘ಎಲ್‌ಎಸ್‌ಸಿಪಿಯು’ ಎಂಬ ಆಜ್ಞೆಯನ್ನು ಕೇಳಬೇಕು.

ಈ ಉತ್ತರದಲ್ಲಿಯೂ ಚೆನ್ನೈಯ ಹೆಸರಿಗೆ ಸಂಬಂಧವುಳ್ಳ ಒಂದು ಸಾಧ್ಯತೆಯಿದೆ. ಇಲ್ಲಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ವಿ. ಕಾಮಕೋಟಿ ಅವರ ನೇತೃತ್ವದಲ್ಲಿ ರೂಪುಗೊಂಡ ಶಕ್ತಿ ಎಂಬ ಪ್ರೊಸೆಸರು, ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸವನ್ನು ಅನುಸರಿಸಿದುದು. ೨೦೧೮ರಲ್ಲಿ ಅದರ ಚಿಪ್ಪಿನ ಮೇಲೆ ಲಿನಕ್ಸ್ ನಡೆಯಿತು. ೬೪ ಬಿಟ್ಟಿನ ರಿಸ್ಕ್-ಫೈವ್ ಯಂತ್ರದಲ್ಲಿ ಯುನೇಮ್ ಹೇಳುವ ಜಾತಿ ‘ರಿಸ್ಕ್‌ವಿ೬೪’. ಅಷ್ಟು ಮಾತ್ರ: ವಿನ್ಯಾಸ ಯಾವ ದೇಶದ್ದು, ಯಾವ ಊರಿನದು ಎಂಬುದು ಆ ಉತ್ತರದಲ್ಲಿ ಬರುವುದಿಲ್ಲ.

೧೦

ಮೇಲಿನ ವಿವೇಚನೆಯಿಂದ ಸಾಕ್ಷಿಗಳ ವ್ಯಾಪ್ತಿಯನ್ನು ಹೀಗೆ ನಿರ್ಣಯಿಸಬಹುದು. ಓಎಸ್-ರಿಲೀಸ್ ಕಡತವು ಹೆಸರಿಗೆ ಪ್ರಮಾಣ. ಯುನೇಮ್ ನಡೆಯುತ್ತಿರುವ ತಿರುಳಿಗೆ ಪ್ರಮಾಣ. ಪ್ರಾಕ್ ಕೋಶದ ವರ್ಶನ್ ಕಡತವು ಆ ತಿರುಳನ್ನು ಕಟ್ಟಿದವರಿಗೆ ಪ್ರಮಾಣ. ಕಟ್ಟುಗಳ ಪಟ್ಟಿಯು ಡಿಸ್ಕಿನ ಮೇಲೆ ಸಿದ್ಧವಾಗಿರುವುದಕ್ಕೆ ಪ್ರಮಾಣ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು. ಒಂದು ಕಚೇರಿಯ ಯಂತ್ರಗಳ ವಹಿಯನ್ನು ಇಡುವವರು ಯಂತ್ರದ ಹೆಸರಿನ ಮುಂದೆ ಈ ನಾಲ್ಕು ಉತ್ತರಗಳನ್ನೂ, ಯಂತ್ರಾಂಶದ ಜಾತಿಯನ್ನೂ, ಯಂತ್ರ ಚಾಲೂ ಆದ ದಿನವನ್ನೂ, ಪ್ರಶ್ನೆ ಕೇಳಿದ ದಿನವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯುವುದು ಲೇಸು. ಕೊನೆಯ ಅಂಕಣವನ್ನು ಬಿಡಬಾರದು. ನಿನ್ನೆಯ ಉತ್ತರ ಇಂದಿಗೆ ಸಾಕ್ಷಿಯಾಗಲಾರದು.

ಹೀಗೆ ಏಳು ಅಂಕಣಗಳನ್ನು ತುಂಬಲು ಒಂದು ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ವಹಿಯನ್ನು ನೋಡಿದವನಿಗೆ ಯಾವ ಯಂತ್ರದ ಬೆಂಬಲ ಮುಗಿದಿದೆ, ಯಾವುದರ ತೇಪೆ ಡಿಸ್ಕಿನ ಮೇಲೆಯೇ ಮಲಗಿದೆ, ಯಾವುದನ್ನು ಇಂದೇ ನಿಲ್ಲಿಸಿ ಮತ್ತೆ ಚಾಲನೆ ಕೊಡಬೇಕು ಎಂಬುದು ಬೇರೆ ವಿಚಾರಣೆಯಿಲ್ಲದೆ ತಿಳಿಯುತ್ತದೆ.